ಗುಹೆ ಜೀವಿಗಳ ಸ್ಕೆಚ್ ತಿದ್ದುವ ಮುನ್ನ

ಎಲ್ಲರೂ ಗಮನಿಸಿ. ನಮ್ಮ ವಿಡಿಯೊ ಗೇಮ್‌ನ ನೀರೊಳಗಿನ ಗುಹೆ ಲೆವೆಲ್‌ನ ಸ್ಕೆಚ್‌ಗಳನ್ನು ನೋಡಿದೆ. ಒಂಬತ್ತರಲ್ಲಿ ಏಳಕ್ಕೆ ಹೊಳೆಯುವ ಕೆಂಪು ಕಣ್ಣು! ಕಗ್ಗತ್ತಲಲ್ಲೇ ಹುಟ್ಟಿ ಬೆಳೆದ ಪ್ರಾಣಿಗೆ ಕಣ್ಣು ಯಾಕ್ರಪ್ಪಾ? ಮೆಕ್ಸಿಕೊದ ಗುಹೆಗಳ ಕುರುಡು ಮೀನು ನೀರಿನ ಅಲುಗಾಟವನ್ನು ಮೈಯಿಂದಲೇ ಗ್ರಹಿಸುತ್ತದೆ. ನಮ್ಮದೂ ಹಾಗಿರಲಿ: ಆಟಗಾರ ಜೋರಾಗಿ ಕಾಲು ಬಡಿದರೆ ಎರಗಬೇಕು, ಸುಮ್ಮನೆ ತೇಲಿದರೆ ಮೂಗಿನ ಪಕ್ಕದಲ್ಲೇ ಹಾದುಹೋಗಬೇಕು. ಟಾರ್ಚ್ ಆರಿಸಿದರೂ ಪ್ರಯೋಜನವಿಲ್ಲ, ಅದೇ ಮಜಾ.

ವಿಷ ಬೇಕೆನ್ನುವವರು ಸಿಗಡಿ, ಏಡಿಗಳ ಬಳಗದ ಗುಹೆಜೀವಿ ರೆಮಿಪೀಡ್ ಚಿತ್ರ ನೋಡಿ. ಬಿಳಿಚಿದ ಮೈ, ಶತಪದಿಯಂಥ ಕಾಲುಗಳ ಸಾಲು, ಅಂಗಾತ ಈಜು. ಅದಕ್ಕೆ ವಿಷವಿದೆ ಎಂದು ಸಂಶೋಧಕರು ತೋರಿಸಿದ್ದು 2013ರಲ್ಲಿ. ನಿಜದಲ್ಲಿ ಬೆರಳುದ್ದವೂ ಇಲ್ಲ, ನಾವು ಹಿಗ್ಗಿಸೋಣ. ಗರ್ಜನೆ ಮಾತ್ರ ಬೇಡ. ತಳದ ಹೂಳೆದ್ದು ಪರದೆಯೆಲ್ಲ ಕದಡಿದರೆ ಸಾಕು.

ತಿದ್ದಿದ್ದನ್ನು ಭಾನುವಾರ ರಾತ್ರಿಯೊಳಗೆ ಇಲ್ಲೇ ಹಾಕಿ.