ತೊಗರಿ ‘ಕೆಂಪು ಗ್ರಾಂ’ ಆದ ಕಥೆ

ಮಾನ್ಯ ಸಂಪಾದಕರೇ,

ಆಳಂದದಲ್ಲಿ ನನ್ನದೊಂದು ಸಣ್ಣ ಆನ್‌ಲೈನ್ ಸೆಂಟರ್ ಇದೆ. ಝೆರಾಕ್ಸ್, ಪಹಣಿ, ಅರ್ಜಿ ತುಂಬೋದು, ಇಷ್ಟೇ ಕೆಲಸ. ಮೊನ್ನೆ ವಯಸ್ಸಾದ ರೈತರೊಬ್ಬರು ಮಗನ ಫೋನ್ ಹಿಡಿದುಕೊಂಡು ಬಂದರು. ಯಾವುದೋ ಖಾಸಗಿ ಕಂಪನಿಯ ವೆಬ್ ಆ್ಯಪ್. ‘ಈಗ ಕನ್ನಡದಲ್ಲೂ’ ಅಂತ ಮೇಲೆ ದೊಡ್ಡದಾಗಿ ಬರೆದಿತ್ತು.

‘ತಮ್ಮಾ, ಇದ್ರಾಗ ತೊಗರಿನೇ ಇಲ್ಲಲ್ಲ’ ಅಂದರು.

2019ರಲ್ಲಿ ತೊಗರಿ ಬೇಳೆಗೆ ಜಿಐ ಟ್ಯಾಗ್ (ಊರಿನ ಹೆಸರಿನ ಭೌಗೋಳಿಕ ಗುರುತು) ಪಡೆದ ಜಿಲ್ಲೆ ನಮ್ಮದು. ತೊಗರಿ ಇಲ್ಲ ಅಂದ್ರೆ ಹೇಗೆ? ಹುಡುಕಿದೆ. ಇತ್ತು, ‘ಕೆಂಪು ಗ್ರಾಂ’ ಅಂತ! ತೊಗರಿಯ ಇಂಗ್ಲಿಷ್ ಹೆಸರು ರೆಡ್ ಗ್ರಾಮ್ ಅನ್ನು ಅನುವಾದದ ಯಂತ್ರಕ್ಕೆ ಕೊಟ್ಟು, ಬಂದದ್ದನ್ನು ಹಾಗೇ ಅಂಟಿಸಿದ್ದಾರೆ. ಕೆಳಗೆ ‘ಬಂಗಾಳ ಗ್ರಾಂ’. ಅದು ನಮ್ಮ ಕಡಲೆ. ಇದೇನೋ ತೂಕದ ಲೆಕ್ಕ ಅಂದುಕೊಂಡು ಕಾಕಾ ದಾಟಿ ಹೋಗಿದ್ದರು.

ಹೊಲದ ಫೋಟೊ ಹಾಕಿದ ಮೇಲೆ ‘ಬೆಳೆ’ ಅನ್ನೋ ಬಟನ್ ಬಂತು. ಒತ್ತಿದರೆ ಫೋಟೊ ಕತ್ತರಿಸೋ ಚೌಕ! ಕ್ರಾಪ್ ಅಂದರೆ ಬೆಳೆ, ನಿಜ. ಆದರೆ ಇಲ್ಲಿ ಅದು ಫೋಟೊ ಕತ್ತರಿಸು ಅಂತ. ಅನುವಾದ ಮಾಡಿದವರಿಗೆ (ಮನುಷ್ಯರೇ ಆಗಿದ್ದರೆ) ಬರೀ ಪದಗಳ ಪಟ್ಟಿ ಕೊಟ್ಟಿರುತ್ತಾರೆ, ಸ್ಕ್ರೀನ್ ತೋರಿಸಿರೋದಿಲ್ಲ.

ಮುಂದೆ ಏನೋ ತಪ್ಪಾಯಿತು. ಆ ಸೂಚನೆ ಮಾತ್ರ ಇಂಗ್ಲಿಷಿನಲ್ಲೇ ಬಂತು. ಮೆನು ಕನ್ನಡ, ಬೈಗುಳ ಇಂಗ್ಲಿಷ್. ಸರಿ, ಎಲ್ಲಾ ಇಂಗ್ಲಿಷಿನಲ್ಲೇ ನೋಡೋಣ ಅಂತ ಭಾಷೆ ಬದಲಿಸಿದೆ. ಪುಟ ಮತ್ತೆ ತೆರೆದುಕೊಂಡಿತು, ತುಂಬಿದ್ದೆಲ್ಲಾ ಖಾಲಿ. ಸರ್ವೆ ನಂಬರು, ಹಿಸ್ಸಾ, ಬ್ಯಾಂಕ್ ಖಾತೆ, ಎಲ್ಲಾ ಮೊದಲಿಂದ. ಹಿಂದೆ ಐದು ಮಂದಿ ಕಾಯುತ್ತಿದ್ದರು.

ಆ್ಯಪ್ ಪೂರ್ತಿ ಕಟ್ಟಿ ಮುಗಿಸಿ, ಕೊನೆಗೆ ಕನ್ನಡ ಬಳಿದರೆ ಹೀಗೇ ಆಗೋದು. ಇಂಗ್ಲಿಷ್ ವಾಕ್ಯವನ್ನು ತುಂಡು ಮಾಡಿ ನಡುವೆ ಅಂಕಿ ತುರುಕಿದರೆ ‘ನೀವು ಹೊಂದಿದ್ದೀರಿ 3 ಅರ್ಜಿಗಳು’ ಅಂತಲೇ ಬರುತ್ತದೆ. ಇಡೀ ವಾಕ್ಯವನ್ನೇ ಅನುವಾದಕ್ಕೆ ಕೊಡಬೇಕು. ನಮ್ಮಲ್ಲಿಗೆ ಮರಾಠಿ, ಉರ್ದು ಓದುವವರೂ ಬರುತ್ತಾರೆ. ಉರ್ದು ಬಲದಿಂದ ಎಡಕ್ಕೆ ಓದುವ ಭಾಷೆ, ಅದಕ್ಕೆ ಪುಟದ ಜೋಡಣೆಯೇ ತಿರುಗಬೇಕು. ಆ ಮಾತು ಸದ್ಯಕ್ಕೆ ಬಿಡಿ. ಮೊದಲು ತೊಗರಿಯನ್ನು ತೊಗರಿ ಅನ್ನಲಿ.

ಇಂಥ ಆ್ಯಪ್ ಮಾಡುವವರು ಜನರ ಕೈಗೆ ಕೊಡುವ ಮುಂಚೆ ಒಂದು ದಿನ ಇಲ್ಲಿ ಬಂದು ಕೂರಲಿ. ಕುರ್ಚಿ, ಚಹಾ ನನ್ನದು. ರಾಶಿ ಟೈಮಲ್ಲಿ ಬಂದರೆ ಇನ್ನೂ ಒಳ್ಳೆಯದು, ಆಗ ಅಂಗಡಿ ತುಂಬಾ ತೊಗರಿ ಬೆಳೆದವರೇ ಇರುತ್ತಾರೆ.

– ಆನ್‌ಲೈನ್ ಸೆಂಟರ್ ನಡೆಸುವವ,
ಆಳಂದ, ಕಲಬುರಗಿ ಜಿಲ್ಲೆ