ಈ ಮಳೆಗಾಲ ಒಂದು ಪಂಪೂ ವಾಪಸ್ ಬರಲಿಲ್ಲ

ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಕಲಬುರಗಿಯ ಕಪನೂರಿನಲ್ಲಿರುವ ನಮ್ಮ ಎರಕದ ಘಟಕದಿಂದ ಹೊರಟ ಪಂಪ್ ಬಾಡಿಗಳಲ್ಲಿ, ಅಂದರೆ ಪಂಪಿನ ಲೋಹದ ಕವಚಗಳಲ್ಲಿ, ಒಂದೂ ಸೋರುತ್ತದೆಂದು ತಿರುಗಿ ಬರಲಿಲ್ಲ. ಘಟಕ ಶುರುವಾದಾಗಿನಿಂದ ಇಂಥ ಮಳೆಗಾಲ ಇದೇ ಮೊದಲು. ಇದರಲ್ಲಿ ಯಾರ ಯಾರ ಕೈ ಇದೆ ಎಂಬುದನ್ನು ನಾಲ್ಕು ಜನರ ಮುಂದೆ ಹೇಳಲೇಬೇಕು.

ನಾವು ಮಾಡುವುದು ತೊಗರಿಗೆ ಔಷಧಿ ಹೊಡೆಯುವ ಬೆನ್ನಿನ ಸ್ಪ್ರೇಯರಿನ ಪಂಪ್ ಬಾಡಿ. ಇಪ್ಪತ್ತು ಲೀಟರ್ ಟ್ಯಾಂಕ್ ಎಂದರೆ ಬೆನ್ನ ಮೇಲೆ ಇಪ್ಪತ್ತು ಕಿಲೋ ನೀರು, ಅದರ ಜೊತೆ ಎಂಜಿನ್ನಿನ ಭಾರ. ಕಾಯಿಕೊರಕ ಹುಳು ಬಿದ್ದಾಗ ಎದೆಮಟ್ಟದ ತೊಗರಿಯಲ್ಲಿ ಇದನ್ನು ಹೊತ್ತು ಇಡೀ ದಿನ ನಡೆಯಬೇಕು. ಹಿತ್ತಾಳೆ ನೀರಿಗಿಂತ ಸುಮಾರು 8.5 ಪಟ್ಟು ಭಾರ, ಅಲ್ಯುಮಿನಿಯಂ 2.7 ಪಟ್ಟು. ಆ ಲೆಕ್ಕ ನೋಡಿಯೇ ಹಿತ್ತಾಳೆ ಬಿಟ್ಟು ಎಲ್‌ಎಂ 25 ಹಿಡಿದೆ, ಅಂದರೆ ಶೇ 7ರಷ್ಟು ಸಿಲಿಕಾನ್, ಚೂರು ಮೆಗ್ನೀಷಿಯಂ ಸೇರಿದ ಅಲ್ಯುಮಿನಿಯಂ. ಪಂಪು ಹಗುರಾಯಿತು. ಸೋರಲೂ ಶುರುವಾಯಿತು.

2021ರ ನವೆಂಬರ್‌ನಲ್ಲಿ ಆಳಂದ ಕಡೆಯ ರೈತರೊಬ್ಬರು ಪಂಪು ಹಿಡಿದು ನೇರ ಕಾರ್ಖಾನೆಗೇ ಬಂದರು. ಅಂಗಿ ಕಳಚಿ ಬೆನ್ನು ತೋರಿಸಿದರು. ಔಷಧಿ ಇಳಿದಲ್ಲೆಲ್ಲ ಚರ್ಮ ಕೆಂಪಗೆ ಬೆಂದಿತ್ತು. ಬೈಯಲಿಲ್ಲ. "ಹಗುರ ಅದ್ರಿ, ಖರೆ. ಆದ್ರ ಸೋರ್ತದ" ಅಂದರು, ಅಷ್ಟೇ. ನನ್ನ ಮೊದಲ ನಮಸ್ಕಾರ ಅವರಿಗೆ. ಅದೇ ತಿಂಗಳು ಒಬ್ಬ ದೊಡ್ಡ ಗಿರಾಕಿ ಇಡೀ ಲಾಟ್ ವಾಪಸ್ ಕಳಿಸಿದ್ದರು, ಲಾಕ್‌ಡೌನಿನ ಸಾಲ ತಲೆ ಮೇಲಿತ್ತು. ಅದೆಲ್ಲ ಹೇಗೋ ದಾಟಿತು. ಆ ಬೆನ್ನು ಮಾತ್ರ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಊರಿನ ಇಂಜಿನಿಯರಿಂಗ್ ಕಾಲೇಜಿನ ಮೇಡಂ ಒಬ್ಬರು ಹಗುರ ಲೋಹಗಳ ಸಂಶೋಧನೆಗೆ ಜೊತೆ ಹುಡುಕುತ್ತಿದ್ದಾರೆಂದು ತಿಳಿದಾಗ ಅವರು ದೇಣಿಗೆ ಕೇಳುತ್ತಾರೆ ಅಂದುಕೊಂಡಿದ್ದೆ. ಬಂದವರೇ ಕೇಳಿದ್ದು ರಿಜೆಕ್ಟ್ ಮಾಲಿನ ರಿಜಿಸ್ಟರ್. ಅದು ನಮ್ಮಲ್ಲಿತ್ತು, ನನ್ನ ಹೆಂಡತಿಯ ದಯೆಯಿಂದ. ಲೆಕ್ಕ ಬರೆಯುವವಳು ಅವಳೇ. ಮೊದಲ ದಿನದಿಂದ ಕೆಟ್ಟ ಒಂದೊಂದು ತುಂಡಿಗೂ ತಾರೀಖು, ಪಾಳಿ, ಎಲ್ಲಿ ಗುಳ್ಳೆ ಬಂತು ಅನ್ನೋದನ್ನೆಲ್ಲ ಬರೆದಿಟ್ಟಿದ್ದಳು. ಕೆಟ್ಟಿದ್ದನ್ನು ಬರೆದು ಏನು ಬಂತು ಎಂದು ನಾನು ಎಷ್ಟೋ ಸಲ ರೇಗಿದ್ದೆ. ಮೇಡಂ ಅವರ ವಿದ್ಯಾರ್ಥಿಗಳು ಅವಳು ತುಂಬಿಸಿದ ಮೂರು ರಿಜಿಸ್ಟರ್‌ಗಳನ್ನು ಮಳೆಯ ದಾಖಲೆಯ ಪಕ್ಕದಲ್ಲಿಟ್ಟು ನೋಡಿದರು. ಮಳೆ ಹಿಡಿದ ವಾರಗಳಲ್ಲೇ ಸೋರಿಕೆ ಏರಿತ್ತು.

ನಮ್ಮ ಭಟ್ಟಿಯ ಹಿರಿಯರು ಇದನ್ನು ಎಂದೋ ಹೇಳಿದ್ದರು: "ಮಳಿ ಹತ್ತಿತಂದ್ರ ಅಲ್ಯುಮಿನಿ ಉಬ್ಬತದ ನೋಡ್ರಿ." ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಮೇಡಂ ಕಾರಣ ಬಿಡಿಸಿ ಹೇಳಿದರು. ಕರಗಿದ ಅಲ್ಯುಮಿನಿಯಂ ಗಾಳಿಯಲ್ಲಿರುವ ತೇವವನ್ನು ಒಡೆದು ಹೈಡ್ರೋಜನ್ ಹೀರಿಕೊಳ್ಳುತ್ತದೆ. ಗಟ್ಟಿಯಾಗುವಾಗ ಅದರ ಇಪ್ಪತ್ತರಲ್ಲಿ ಒಂದು ಪಾಲನ್ನಷ್ಟೇ ಒಳಗಿಟ್ಟುಕೊಳ್ಳಬಲ್ಲದು. ಉಳಿದದ್ದು ಹೊರಬರಲಾರದೆ ಗುಳ್ಳೆಯಾಗಿ ಸಿಕ್ಕಿಬೀಳುತ್ತದೆ. ಮೇಲ್ಮೈ ನುಣ್ಣಗೆ ಕಾಣುತ್ತದೆ. ಲೇತಿಗೆ ಹಾಕಿ ಸಿಪ್ಪೆ ತೆಗೆದ ಮೇಲೆಯೇ ಒಳಗಿನ ತೂತು ಬಯಲಾಗುವುದು.

ನೋಡಿದರೆ ತಪ್ಪು ಎಲ್ಲ ಕಡೆ ಇತ್ತು. ಒದ್ದೆ ನೆಲದ ಮೇಲೆ ಇಂಗಟ್ (ಕರಗಿಸುವ ಲೋಹದ ಗಟ್ಟಿ), ಬಾಯಿ ತೆರೆದಿಟ್ಟ ಫ್ಲಕ್ಸ್ (ಕರಗಿದ ಲೋಹದ ಕಸ ತೆಗೆಯುವ ಪುಡಿ) ಚೀಲ, ಸರಿಯಾಗಿ ಒಣಗದ ಸೌಟು. ಭಟ್ಟಿಯನ್ನು ಬೇಕಿಲ್ಲದೆ 800 ಡಿಗ್ರಿಯವರೆಗೆ ಏರಿಸುತ್ತಿದ್ದೆವು. ಬಿಸಿ ಹೆಚ್ಚಿದಷ್ಟೂ ಲೋಹ ಹೈಡ್ರೋಜನ್ ಹೆಚ್ಚು ಕುಡಿಯುತ್ತದೆ. ವಿದ್ಯಾರ್ಥಿಗಳು ಒಂದು ಸಣ್ಣ ಪರೀಕ್ಷೆ ಕಲಿಸಿದರು. ಒಂದೇ ಸೌಟಿನಿಂದ ಎರಡು ಬಟ್ಟಲು ತುಂಬಿ, ಒಂದನ್ನು ಬಯಲಲ್ಲಿ, ಇನ್ನೊಂದನ್ನು ಗಾಳಿ ಎಳೆದ ಡಬ್ಬಿಯಲ್ಲಿ ಆರಿಸಿ, ಎರಡರ ಸಾಂದ್ರತೆ ಹೋಲಿಸುವುದು; ಡಬ್ಬಿಯ ತುಂಡು ಎಷ್ಟು ಹಗುರವೋ ಲೋಹದಲ್ಲಿ ಅಷ್ಟು ಹೈಡ್ರೋಜನ್. ಮೊದಲ ದಿನ ಡಬ್ಬಿಯ ತುಂಡು ಹೆಂಚಿನ ಮೇಲಿನ ರೊಟ್ಟಿಯಂತೆ ಉಬ್ಬಿತ್ತು. ಆಮೇಲೆ ಹೈಡ್ರೋಜನ್ ಹೊರಹಾಕಲು ಕರಗಿದ ಲೋಹದಲ್ಲಿ ಗ್ರಾಫೈಟ್ ರೋಟರ್ ತಿರುಗಿಸಿ ಆರ್ಗಾನ್ ಅನಿಲ ಬಿಡುವುದು ಬಂತು, ಅದೇ ಕೆಲಸಕ್ಕೆ ಹಾಕುತ್ತಿದ್ದ ಹೆಕ್ಸಾಕ್ಲೋರೋಈಥೇನ್ ಗುಳಿಗೆ ಹೋಯಿತು. ಆ ಗುಳಿಗೆಯ ಹೊಗೆಗೆ ವರ್ಷಗಟ್ಟಲೆ ಕಣ್ಣು ಕೊಟ್ಟ ನಮ್ಮ ಕೆಲಸಗಾರರಿಗೆ ನಾನು ಕೃತಜ್ಞತೆಗಿಂತ ಮೊದಲು ಕ್ಷಮೆ ಕೇಳಬೇಕು.

ಒಂದು ಕಡೆ ನಾನು ಅಳುಕಿದೆ. ಮೇಡಂ ನಮ್ಮ ರಿಜೆಕ್ಟ್ ಲೆಕ್ಕವನ್ನು ಸಂಶೋಧನಾ ಲೇಖನದಲ್ಲಿ ಹಾಕಬೇಕೆಂದರು. ಗಿರಾಕಿಗಳು ಓದಿದರೆ ಗತಿಯೇನು ಎಂದು ಎರಡು ರಾತ್ರಿ ನಿದ್ದೆ ಬರಲಿಲ್ಲ. ಆಗ ಅವರು ಅಮೆರಿಕದ ಡೆಟ್ರಾಯಿಟ್‌ನಲ್ಲಿ 2014ರಲ್ಲಿ ಹಗುರ ಲೋಹಗಳಿಗೆಂದೇ ಶುರುವಾದ ಲಿಫ್ಟ್ ಸಂಸ್ಥೆಯ ವಿಷಯ ಹೇಳಿದರು. ಅಲ್ಲಿ ಕಂಪನಿಗಳೂ ವಿಶ್ವವಿದ್ಯಾಲಯಗಳೂ ಒಂದೇ ಸೂರಿನಡಿ ಕೆಲಸ ಮಾಡುತ್ತವಂತೆ. ನಮ್ಮ ದೇಶದಲ್ಲೂ ಅಲ್ಯುಮಿನಿಯಂಗೆಂದೇ ನಾಗಪುರದಲ್ಲಿ ಜವಾಹರಲಾಲ್ ನೆಹರೂ ಹೆಸರಿನ ಸಂಶೋಧನಾ ಕೇಂದ್ರವಿದೆ. ಪ್ರಯೋಗಾಲಯದ ಮೂಸೆಯಲ್ಲಿ ಎರಡು ಕಿಲೋ ಕರಗಿಸಿ ಒಳ್ಳೆಯ ತುಂಡು ತೆಗೆಯಬಹುದು. ಆಷಾಢದ ರಾತ್ರಿಪಾಳಿಯಲ್ಲಿ ಮುನ್ನೂರನೆಯ ತುಂಡು ಹೇಗೆ ಬರುತ್ತದೆಂದು ಕಾರ್ಖಾನೆ ಮಾತ್ರ ಹೇಳಬಲ್ಲದು. ನಮ್ಮಂಥ ಸಣ್ಣ ತಯಾರಕರು ಸಂಶೋಧನೆಗೆ ಕೊಡಬಹುದಾದದ್ದರಲ್ಲಿ ದುಡ್ಡಿಗಿಂತ ದೊಡ್ಡದು ಕೆಟ್ಟ ಮಾಲಿನ ಸತ್ಯವಾದ ಲೆಕ್ಕ ಎಂದು ನನಗೆ ಮನವರಿಕೆಯಾಯಿತು. ಕೊಟ್ಟೆ. ಒಬ್ಬ ಗಿರಾಕಿಯೂ ಬಿಟ್ಟುಹೋಗಲಿಲ್ಲ.

ಕಲಬುರಗಿಯ ಮೇ ಬಿಸಿಲಲ್ಲಿ, ಭಟ್ಟಿಯ ಮುಂದೆ ನಿಂತು, ತಿಂಗಳುಗಟ್ಟಲೆ ಬಟ್ಟಲು ತುಂಬಿದ ಆ ನಾಲ್ಕು ವಿದ್ಯಾರ್ಥಿಗಳ ಋಣ ದೊಡ್ಡದು. ಅವರಿಗೆ ಸಂಬಳವಿರಲಿಲ್ಲ; ಭಟ್ಟಿಯ ಹಿರಿಯರ ಮನೆಯಿಂದ ಬರುತ್ತಿದ್ದ ಜೋಳದ ರೊಟ್ಟಿ, ಶೇಂಗಾ ಹಿಂಡಿ ಇತ್ತು. ಅದನ್ನು ಮಾಡಿ ಕಳಿಸಿದ ತಾಯಿಗೂ ಶರಣು.

ಹೊರಗೆ ಹೋದ ಮಾಲು ತಿರುಗಿ ಬಂದಿಲ್ಲವಾದರೂ ಒಳಗೆ ಕೆಡುವುದು ಇನ್ನೂ ನಿಂತಿಲ್ಲ. ಅಕ್ಟೋಬರ್ ಪುಟದಲ್ಲಿ ಹೆಂಡತಿ ಆಗಲೇ ಆರು ತುಂಡು ಬರೆದಿದ್ದಾಳೆ. ಆಳಂದದ ರೈತರಿಗೆ ಹೊಸ ಪಂಪು ಮುಟ್ಟಿಸಿದ್ದೇನೆ. ಕಾಯಿಕೊರಕದ ಔಷಧಿ ಶುರುವಾದಾಗ ಅವರ ಹೊಲಕ್ಕೆ ಹೋಗುತ್ತೇನೆ. ಮೇಡಂ ಕೂಡ ಬರುತ್ತೇನೆ ಅಂದಿದ್ದಾರೆ.