ಸದ್ದು ಮಾಡಿದವರಿಗೆ ಥ್ಯಾಂಕ್ಸ್

ನಮ್ಮ ಅರ್ಧ ಗಂಟೆಯ ರೇಡಿಯೋ ನಾಟಕ ಕೊನೆಗೂ ಮುಗಿಯಿತು. ಭಾನುವಾರ ಸಂಜೆ ಕುಮಟೆಯ ಒಂದು ಶಾಲೆಯ ಹಾಲ್‌ನಲ್ಲಿ ಎಲ್ಲರಿಗೂ ಕೇಳಿಸಿದ್ದೂ ಆಯಿತು. ಬಂದವರಿಗೆ, ಕೂತು ಕೇಳಿದವರಿಗೆ, ಮಧ್ಯೆ ಮೊಬೈಲ್ ತೆಗೆಯದವರಿಗೆ ದೊಡ್ಡ ನಮಸ್ಕಾರ.

ಪಾತ್ರ ಮಾಡಿದವರಿಗೆ ಚಪ್ಪಾಳೆ ಸಿಕ್ಕಿತು. ಬರೆದ ನನಗೂ ಸಿಕ್ಕಿತು. ಆದರೆ ನಾಟಕದ ಹಿನ್ನೆಲೆಯ ಸದ್ದು ಮಾಡಿದವರ ಹೆಸರು ಕೊನೆಯಲ್ಲಿ ಬರುವಷ್ಟರಲ್ಲಿ ಅರ್ಧ ಜನ ಎದ್ದು ಚಪ್ಪಲಿ ಹುಡುಕುತ್ತಿದ್ದರು. ರೇಡಿಯೋ ನಾಟಕದಲ್ಲಿ ಇದು ಯಾವಾಗಲೂ ಹೀಗೇ ಅಲ್ವಾ? ಅದಕ್ಕೇ ಈ ಬರಹ ಅವರಿಗೆ. ಹೆಸರು ಹಾಕಬೇಡ ಅಂದಿದ್ದಾರೆ, ಇರಲಿ, ಓದಿದರೆ ಅವರಿಗೇ ಗೊತ್ತಾಗುತ್ತದೆ.

ಕಥೆ ಸಣ್ಣದು. ಹೆರಿಗೆ ನೋವು ಬಂದ ಸೊಸೆಯನ್ನು ಅತ್ತೆ ರಾತ್ರಿ ಅಘನಾಶಿನಿ ಊರಿನಿಂದ ಹೊಳೆಯಾಚೆಯ ತದಡಿಗೆ ದಾಟಿಸಬೇಕು, ತಾರಿಯವನು, ಅಂದರೆ ಹೊಳೆ ದಾಟಿಸುವ ದೋಣಿಯವನು, ಮನೆಗೆ ಹೋಗಿ ಮಲಗಿದ್ದಾನೆ. ಹೆಚ್ಚಿನ ಭಾಗ ನಡೆಯುವುದು ಹೊಳೆ ಕಡಲು ಸೇರುವ ಅಳಿವೆಯ ನೀರಿನ ಮೇಲೆ. ಅಂದರೆ ನೀರಿನ ಸದ್ದು ಸರಿಯಿಲ್ಲದಿದ್ದರೆ ನಾಟಕವೇ ಇಲ್ಲ.

ಕಡಲು ಇಷ್ಟು ಹತ್ತಿರ ಇರುವಾಗ ಅದಕ್ಕೇನು ಕಷ್ಟ ಅಂತ ತುಂಬಾ ಜನ ಕೇಳಿದರು. ಒಮ್ಮೆ ದಂಡೆಗೆ ಹೋಗಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿ ನೋಡಿ, ಹಪ್ಪಳ ಕರಿದ ಹಾಗಿರುತ್ತದೆ. ಕಣ್ಣೆದುರು ತೆರೆ ಕಾಣುವಾಗ ಕಿವಿ ಏನನ್ನು ಬೇಕಾದರೂ ಒಪ್ಪಿಕೊಳ್ಳುತ್ತದೆ, ಕಾಣದಿದ್ದಾಗ ಹಟ ಮಾಡುತ್ತದೆ. ತೆರೆ ಏರಿ ಬಂದದ್ದು ಬೇರೆ ಕೇಳಬೇಕು, ಮುರಿದದ್ದು ಬೇರೆ, ಮರಳೆಳೆದುಕೊಂಡು ಹಿಂದೆ ಸರಿದದ್ದು ಬೇರೆ. ಹಳೇ ಕಾಲದ ಸ್ಟುಡಿಯೋಗಳಲ್ಲಿ ಅಗಲವಾದ ಡ್ರಮ್ಮಿನೊಳಗೆ ಒಣ ಬಟಾಣಿ ಉರುಳಿಸಿ ಕಡಲು ಮಾಡುತ್ತಿದ್ದರು. ಇದನ್ನು ಹೇಳಿದ್ದೇ ತಡ, ನಮ್ಮ ಪಕ್ಕದ ಮನೆ ಅಜ್ಜಿ ಒಳಗಿಂದ ಮೊರ ತಂದು ಅದರಲ್ಲಿ ಹೆಸರುಕಾಳು ಹಾಕಿ ನಿಧಾನ ಓರೆ ಮಾಡಿದರು. ತೆರೆ ಬಂತು! ಕೇರುವ ಕೈಗೆ ಎಷ್ಟು ಓರೆ ಮಾಡಬೇಕು, ಎಲ್ಲಿ ತಡೆಯಬೇಕು ಅಂತ ಗೊತ್ತಿರುತ್ತದೆ, ನಾವು ಮಾಡಿದರೆ ಕಾಳು ನೆಲಕ್ಕೆ. ಅಜ್ಜಿ, ನಿಮ್ಮ ಹೆಸರುಕಾಳು ಪಲ್ಯ ಆಗಿ ನಮ್ಮ ಹೊಟ್ಟೆ ಸೇರಿದೆ, ಮೊರ ಮಾತ್ರ ವಾಪಸ್ ಬರುತ್ತದೆ.

ದೋಣಿಯ ಹುಟ್ಟು ಹಾಕುವ ಸದ್ದಿಗೆ ಜೋಕಾಲಿ ಬಂತು. ಒಂದು ಹಳೇ ಮನೆಯ ಜಗಲಿಯಲ್ಲಿ ಎಣ್ಣೆ ಕಾಣದೆ ಕಿರ್ರ್ ಅನ್ನುತ್ತಿದ್ದ ಜೋಕಾಲಿ. ಅದರ ಕೊಂಡಿಗೆ ಎಣ್ಣೆ ಬಿಡಬೇಡಿ ಅಂತ ಮಳೆಗಾಲವಿಡೀ ಬೇಡಿಕೊಂಡಿದ್ದೆವು. ಆ ಮನೆಯ ಅಕ್ಕ, ರಾತ್ರಿಯಿಡೀ ಆ ಸದ್ದು ಸಹಿಸಿಕೊಂಡ ನಿಮಗೆ ಶರಣು. ಈಗ ಎಣ್ಣೆ ಬಿಡಬಹುದು. ಜೋಕಾಲಿಯ ಜೊತೆಗೆ ಬಚ್ಚಲಿನ ಹಂಡೆಯ ನೀರಲ್ಲಿ ಕೈ ಆಡಿಸಿದ ಹುಡುಗನಿಗೆ ಎರಡು ದಿನ ನೆಗಡಿ. ಅವನಿಗೂ ಥ್ಯಾಂಕ್ಸ್, ಅವನ ಅಮ್ಮನಿಗೆ ಸಾರಿ.

ಮಳೆಯದು ಬೇರೆಯೇ ತಕರಾರು. ನಾಟಕದಲ್ಲಿ ಮಳೆ ಇಲ್ಲ, ಹೊರಗೆ ನಿಲ್ಲುವ ಲಕ್ಷಣವೇ ಇಲ್ಲ. ಹೆಂಚಿನ ಮೇಲೆ ಮಳೆ, ಗದ್ದೆಯಲ್ಲಿ ಕಪ್ಪೆ, ಎರಡೂ ಸುಮ್ಮನಾದರೆ ಕೊಂಕಣ ರೈಲಿನ ಹಾರ್ನ್. ಕೋಣೆಯ ಗೋಡೆಗೆಲ್ಲ ಕೌದಿ, ಹಾಸಿಗೆ ನೇತುಹಾಕಿದೆವು. ಕೌದಿ ಇದ್ದರೆ ಮಾತು ಗೋಡೆಗೆ ಬಡಿದು ವಾಪಸ್ ಬರುವುದಿಲ್ಲ, ಬಯಲಲ್ಲಿ ಆಡಿದ ಹಾಗೆ ಕೇಳುತ್ತದೆ. ದೋಣಿ ಕೋಣೆಯೊಳಗೆ ಇರುವುದಿಲ್ಲವಲ್ಲ.

ಇನ್ನು ತಾಳಮದ್ದಳೆಯಲ್ಲಿ ಪಾತ್ರದ ಮಾತಾಡುವ ನಮ್ಮ ಅರ್ಥಧಾರಿ ಮಾವ. ತಾರಿಯವನ ಪಾತ್ರ ಅವರದು. ರೇಡಿಯೋ ನಾಟಕ ಹೊಸದು ಅಂತ ನಾವು ಹೆದರಿಸಿದರೆ ಅವರು ನಕ್ಕರು. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಮಾತಿನಲ್ಲಿ ಕುರುಕ್ಷೇತ್ರ ತೋರಿಸುವುದು, ಇದೇನು ದೊಡ್ಡ ವಿಷಯ ಅಂದರು. ಸರಿಯೇ. ಆದರೆ ಸಭೆಗೆ ಕೇಳಿಸುವ ದನಿ ಅದು, ಮೈಕ್ ಒಂದು ಗೇಣು ದೂರದಲ್ಲಿದೆ. ಮಾವ ದನಿ ಇಳಿಸಿ ಇಳಿಸಿ ಕೊನೆಗೆ ಗೊಣಗಿದ ಒಂದು ಮಾತು, 'ಈ ನೀರಿಗೆ ಹಗಲು ರಾತ್ರಿ ಗೊತ್ತಿಲ್ಲ', ಅದೇ ಎಲ್ಲರ ಬಾಯಲ್ಲಿ ಉಳಿದಿದೆ. ದೂರದಿಂದ ಕೂಗುವ ಜಾಗದಲ್ಲಿ ಮಾತ್ರ ಅವರನ್ನು ಬಾಗಿಲಾಚೆ ನಿಲ್ಲಿಸಿ, ಬೆನ್ನು ತಿರುಗಿಸಿ ಕೂಗಿಸಿದೆವು. ರೇಡಿಯೋದಲ್ಲಿ ದೂರ ಅಂದರೆ ಮೈಕ್‌ನಿಂದ ದೂರ, ಅಷ್ಟೇ.

ಇದನ್ನೆಲ್ಲ ಕಲಿಸಿದ್ದು ಆಕಾಶವಾಣಿಯಿಂದ ನಿವೃತ್ತರಾದ ಹಿರಿಯರೊಬ್ಬರು. ಸರ್, ನಿಮ್ಮ ಋಣ ದೊಡ್ಡದು. ಹಾಳೆ ಪಿನ್ ಮಾಡಬೇಡಿ, ಬಿಡಿಬಿಡಿಯಾಗಿ ಹಿಡಿಯಿರಿ, ತಿರುವಿದರೆ ಮೈಕ್‌ಗೆ ಕೇಳುತ್ತದೆ ಅಂದಿರಿ. ದೃಶ್ಯದಲ್ಲಿ ಯಾರಿದ್ದಾರೆ ಅಂತ ಮೊದಲ ಮಾತುಗಳಲ್ಲೇ ಗೊತ್ತಾಗಬೇಕು, ಸುಮ್ಮನೆ ನಿಂತವನು ರೇಡಿಯೋದಲ್ಲಿ ಇಲ್ಲವೇ ಇಲ್ಲ ಅಂದಿರಿ. ಒಂದೇ ತರಹದ ದನಿಯ ಇಬ್ಬರು ಹೆಂಗಸರನ್ನು ಒಟ್ಟಿಗೆ ಹಾಕಬೇಡಿ ಅಂದಾಗ ನಮ್ಮಲ್ಲಿ ಸ್ವಲ್ಪ ಮುನಿಸೂ ಆಯಿತು, ಆದರೆ ನೀವು ಹೇಳಿದ್ದೇ ಸರಿ.

ಟೀ ಕುಡಿಯುತ್ತಾ ಅವರು ಹೇಳಿದ ಕಥೆಗಳು ಬೋನಸ್. 1924ರ ಜನವರಿಯಲ್ಲಿ ಬಿಬಿಸಿಯಲ್ಲಿ ಬಂದ ರಿಚರ್ಡ್ ಹ್ಯೂಸ್ ಅವರ ನಾಟಕ, ರೇಡಿಯೋಗೆಂದೇ ಬರೆದ ಮೊದಲ ನಾಟಕಗಳಲ್ಲಿ ಒಂದು, ನಡೆಯುವುದು ಕಲ್ಲಿದ್ದಲು ಗಣಿಯ ಕತ್ತಲಲ್ಲಿ. ದೀಪ ಆರುತ್ತದೆ, ಪಾತ್ರಗಳಿಗೂ ಏನೂ ಕಾಣುವುದಿಲ್ಲ, ಕೇಳುವವನಿಗೂ ಇಲ್ಲ. ಎಂಥ ಜಾಣತನ ನೋಡಿ! ನಾವು ಹಾಲ್‌ನ ಲೈಟ್ ಆರಿಸಿದ್ದು ಅದೇ ಧೈರ್ಯದಲ್ಲಿ. ನಮ್ಮಲ್ಲಿ 1935ರಲ್ಲಿ ಮೈಸೂರಿನ ಗೋಪಾಲಸ್ವಾಮಿಯವರು ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದರು, 1950ರ ಜನವರಿಯಲ್ಲಿ ಧಾರವಾಡ ಕೇಂದ್ರ ಬಂತು. ಘಟ್ಟದ ಮೇಲೂ ಕೆಳಗೂ ನಮ್ಮ ಹಿಂದಿನವರು ಕೇಳಿ ಬೆಳೆದದ್ದು ಧಾರವಾಡವನ್ನೇ. ಶಿರಸಿಯಲ್ಲಿ ಬಾಲ್ಯ ಕಳೆದ ಗಿರೀಶ ಕಾರ್ನಾಡರ ಟಿಪ್ಪು ನಾಟಕವೂ ಮೊದಲು ಬಿಬಿಸಿಗೆ ಬರೆದ ರೇಡಿಯೋ ನಾಟಕ, ಸ್ವಾತಂತ್ರ್ಯಕ್ಕೆ 50 ವರ್ಷ ತುಂಬಿದ ಸಂದರ್ಭದ್ದು. ರಂಗಕ್ಕೆ ಬಂದದ್ದು ಆಮೇಲೆ. ಇದು ಗೊತ್ತಾದ ಮೇಲೆ ನಮ್ಮ ಶಿರಸಿಯ ಗೆಳೆಯರ ಗತ್ತು ಸ್ವಲ್ಪ ಜಾಸ್ತಿಯೇ ಆಗಿದೆ.

ಹಾಲ್ ಕೊಟ್ಟವರು, ಸ್ಪೀಕರ್ ಕೊಟ್ಟವರು, ಅವಲಕ್ಕಿ ಕಲಸಿ ತಂದವರು, ಎಲ್ಲರಿಗೂ ಥ್ಯಾಂಕ್ಸ್.

ಕೊನೆಗೆ ತಾರಿ ನಡೆಸುವ ಅಣ್ಣ. ಅಂದು ಕೆಲಸ ಬೇಗ ಮುಗಿಸಿ ಬಂದಿದ್ದರು. ಎಲ್ಲ ಮುಗಿದ ಮೇಲೆ ಹತ್ತಿರ ಬಂದು, ನೀರು ಸರಿ ಇತ್ತು, ಹುಟ್ಟು ಸರಿ ಇತ್ತು, ಆದರೆ ಆ ಹೆಂಗಸು ದೋಣಿ ಹತ್ತುವಾಗ ಹಲಗೆ ಸದ್ದೇ ಬರಲಿಲ್ಲವಲ್ಲ, ಹಾರಿ ಹತ್ತಿದಳಾ, ಅದೂ ಬಸುರಿ ಅಂತ ಕೇಳಿದರು. ಅದೊಂದು ಸದ್ದು ಇನ್ನೊಮ್ಮೆ ರೆಕಾರ್ಡ್ ಮಾಡುತ್ತಿದ್ದೇವೆ. ಹಲಗೆ ಅವರೇ ತರುತ್ತಾರಂತೆ.